ಒಂದೇ ಡಿಸೈನಿನ ಎರಡು ರೋಲ್ ಹೊಂದಲಿಲ್ಲ, ಹಳೆ ಡ್ರಾಯರಿನ ವೆನೀರ್ ಕಿತ್ತು ಬಂತು: ಒಂದು ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಬಳ್ಳಿ ಡಿಸೈನಿನ ಎರಡು ಅಂಟುಕಾಗದದ ರೋಲ್‌ಗಳು ಒಂದಕ್ಕೊಂದು ಹೊಂದದಿರುವುದು ಮತ್ತು ನಿಮ್ಮವರು ಹೇಳಿದಂತೆ ಬಿಡಿಸಿದಾಗ ಪೀಠೋಪಕರಣ ಹಾಳಾಗಿರುವುದು.

ಮಾನ್ಯರೇ,

ನಿಮ್ಮ ಕಂಪನಿಯ ಬಳ್ಳಿ ಡಿಸೈನಿನ ಅಂಟುಕಾಗದ ಎರಡು ರೋಲ್ ತರಿಸಿಕೊಂಡಿದ್ದೆ. ಒಂದೊಂದೂ 60 ಸೆಂ.ಮೀ. ಅಗಲ, 2 ಮೀಟರ್ ಉದ್ದ. ಆಗಿರುವ ತೊಂದರೆಯನ್ನು ಫೋನಿನಲ್ಲಿ ಮೂರು ಸಲ ಹೇಳಿದ್ದೇನೆ, ಒಂದು ಸಲ ಮೇಲ್ ಕೂಡ ಮಾಡಿದ್ದೇನೆ. ಕೊನೆಗೆ ಬಂದ ಉತ್ತರ ನಾಲ್ಕೇ ಸಾಲು. ಮೇಲ್ಮೈಯನ್ನು ಸರಿಯಾಗಿ ಸಿದ್ಧಪಡಿಸದೇ ಇದ್ದದ್ದರಿಂದ ಹೀಗಾಗಿದೆ, ಕಂಪನಿ ಜವಾಬ್ದಾರಿ ಅಲ್ಲ ಅಂತ. ನಾನು ಏನೇನು ಮಾಡಿದ್ದೆ ಅಂತ ನಿಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಹಾಗಾಗಿ ಮೊದಲಿನಿಂದ ಬರೆಯುತ್ತಿದ್ದೇನೆ. ಉದ್ದ ಆದರೂ ದಯವಿಟ್ಟು ಪೂರ್ತಿ ಓದಿ.

ನನ್ನ ಹತ್ತಿರ ಇರುವುದು ನಾಲ್ಕು ಡ್ರಾಯರಿನ ಒಂದು ಹಳೆ ಬೀರು. ಮನೆ ಖಾಲಿ ಮಾಡುತ್ತಿದ್ದವರಿಂದ ಕೊಂಡದ್ದು. ಹೊರಗೆ ಗೀರು, ಲೋಟ ಇಟ್ಟ ಉಂಗುರದ ಕಲೆ, ಅಲ್ಲಲ್ಲಿ ಪಾಲಿಷ್ ಹೋಗಿತ್ತು. ಆದರೆ ಮೈ ಗಟ್ಟಿ. ಡ್ರಾಯರ್ ಎಳೆದರೆ ಒಂದು ಚೂರೂ ಅಲುಗಾಡದೆ ಜಾರಿ ಬರುತ್ತಿತ್ತು. ಪ್ರತಿ ಡ್ರಾಯರಿನ ಹಿಂಬದಿಯಲ್ಲಿ ಮಾಡಿದವರು ಯಾರೋ ಪೆನ್ಸಿಲಿನಲ್ಲಿ 1, 2, 3, 4 ಅಂತ ಬರೆದಿದ್ದರು. ಅದದನ್ನು ಅದರದರ ಜಾಗಕ್ಕೇ ಅಳೆದು ಕೂರಿಸಿದ ಕೆಲಸ. ಇಷ್ಟು ಶ್ರದ್ಧೆಯಿಂದ ಮಾಡಿದ ವಸ್ತುವನ್ನು ಬರೀ ಮೇಲಿನ ಬಣ್ಣ ಹೋಯಿತು ಅಂತ ಬಿಸಾಡಲು ಯಾರಿಗಾದರೂ ಮನಸ್ಸು ಬರುತ್ತದಾ? ನನಗೆ ಬರಲಿಲ್ಲ. ಪಕ್ಕದ ಹಲಗೆಗಳಿಗೆ ಬಿಳಿ ಬಣ್ಣ ಬಳಿದು, ಮೇಲಿನ ಹಲಗೆ ಮತ್ತು ಡ್ರಾಯರುಗಳ ಮುಖಕ್ಕೆ ನಿಮ್ಮ ಕಾಗದ ಅಂಟಿಸುವುದು ಅಂತ ಮಾಡಿದೆ. ಮೇಲಿನಿಂದ ಬಳ್ಳಿ ಇಳಿದು, ನಾಲ್ಕೂ ಡ್ರಾಯರ್ ದಾಟಿ, ಕಾಲಿನ ತನಕ ಒಂದೇ ಓಟದಲ್ಲಿ ಬರಬೇಕು. ಇಡೀ ಕೆಲಸದ ಅಂದ ಇದ್ದದ್ದೇ ಅದರಲ್ಲಿ.

ಈಗ ತಯಾರಿಯ ವಿಷಯ. ಹಿಡಿಗಳನ್ನೆಲ್ಲ ಬಿಚ್ಚಿ ತೆಗೆದೆ. ಸೋಪು ನೀರಿನಲ್ಲಿ ಬಟ್ಟೆ ಹಿಂಡಿ ಎರಡು ಸಲ ಒರೆಸಿದೆ. ಗೀರುಗಳಿಗೆ ಪುಟ್ಟಿ ತುಂಬಿದೆ. 120 ನಂಬರಿನ ಉಪ್ಪುಕಾಗದದಲ್ಲಿ ಮೆಲ್ಲಗೆ ಉಜ್ಜಿ, ಆಮೇಲೆ 220ರಲ್ಲಿ ನಯ ಮಾಡಿದೆ. ಪಾಲಿಷ್ ಹೋದ ಕಡೆ ಮರ ಅಂಟನ್ನು ಹೀರಿಕೊಳ್ಳಬಾರದು ಅಂತ ಪ್ರೈಮರ್ ಹಚ್ಚಿದೆ. ಇಡೀ ಒಂದು ದಿನ ಒಣಗಲು ಬಿಟ್ಟೆ. ಅಂಟಿಸುವ ಮುಂಚೆ ಕೈಯ ಜಿಡ್ಡೂ ಉಳಿಯದ ಹಾಗೆ ಸ್ಪಿರಿಟ್ ಹಾಕಿ ಒರೆಸಿದೆ. ಇದರಲ್ಲಿ ಯಾವುದನ್ನು ತಪ್ಪು ಮಾಡಿದೆ ಅಂತ ನಿಮ್ಮ ಉತ್ತರದಲ್ಲಿ ಬರೆಯಬಹುದಿತ್ತು. ಬರೆದಿಲ್ಲ.

ಮೊದಲ ರೋಲ್ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ಹಿಂದಿನ ಹಾಳೆಯನ್ನು ಹತ್ತು ಸೆಂ.ಮೀ. ಬಿಡಿಸುವುದು, ನಡುವಿನಿಂದ ಅಂಚಿನ ಕಡೆಗೆ ಒತ್ತುವುದು, ಮತ್ತೆ ಹತ್ತು ಸೆಂ.ಮೀ. ಒಂದೆರಡು ಗುಳ್ಳೆ ಉಳಿದವು, ಸೂಜಿಯಿಂದ ಚುಚ್ಚಿ ಒತ್ತಿದರೆ ಕೂತುಕೊಂಡವು. ಮೂಲೆಗಳಲ್ಲಿ ಓರೆಯಾಗಿ ಕತ್ತರಿಸಿ ಒಳಗೆ ಮಡಚಿದೆ. ಡ್ರಾಯರಿನ ಅಂಚಿಗೆ ಎರಡೆರಡು ಸೆಂ.ಮೀ. ಮಡಚುವುದು ಬೇಕಲ್ಲ, ಹಾಗಾಗಿ ಅಕ್ಕಪಕ್ಕದ ತುಂಡುಗಳನ್ನು ಸಾಲಾಗಿ ಕತ್ತರಿಸಲು ಆಗುವುದಿಲ್ಲ. ಬಳ್ಳಿಯ ಅದೇ ತಿರುವು ರೋಲಿನಲ್ಲಿ ಮತ್ತೆ ಎಲ್ಲಿ ಬರುತ್ತದೋ ಅಲ್ಲಿಂದ ಕತ್ತರಿಸಬೇಕು. ಈ ಡಿಸೈನ್ 53 ಸೆಂ.ಮೀ.ಗೆ ಒಂದು ಸಲ ಮರಳಿ ಬರುತ್ತದೆ. ಹೀಗೆ ಹೊಂದಿಸುವಾಗ ಕಾಗದ ಜಾಸ್ತಿ ಹೋಗುತ್ತದೆ. ಮೊದಲ ರೋಲಿನಲ್ಲಿ ಮೇಲಿನ ಹಲಗೆ ಮತ್ತು ಮೂರು ಡ್ರಾಯರ್ ಮುಗಿದವು. ನಾಲ್ಕನೆಯದಕ್ಕೆ ಎರಡನೇ ರೋಲ್ ಬಿಚ್ಚಿದೆ.

ಬಿಚ್ಚಿದ ಕೂಡಲೇ ಬಣ್ಣ ಬೇರೆ ಅಂತ ಗೊತ್ತಾಯಿತು. ಮೊದಲನೆಯದರ ಹಿನ್ನೆಲೆ ಹಾಲಿನ ಕೆನೆಯ ಬಣ್ಣ. ಇದರದು ನೀಲಿ ಹಾಕಿ ಒಗೆದ ಬಟ್ಟೆಯ ಬಿಳುಪು. ಅನುಮಾನ ಬಂದು ಸ್ಟೀಲ್ ಸ್ಕೇಲ್ ಇಟ್ಟು ಅಳೆದೆ. ಇದರಲ್ಲಿ ಡಿಸೈನ್ ಮರಳುವುದು 52.5 ಸೆಂ.ಮೀ.ಗೆ. ಅಡ್ಡಕ್ಕೂ ಅಷ್ಟೇ ಕುಗ್ಗಿದೆ. ಡ್ರಾಯರಿನ ಅಗಲಕ್ಕೆ ನಾಲ್ಕು ಬಳ್ಳಿ ಬರುತ್ತವೆ. ಎಡಗಡೆಯ ಬಳ್ಳಿಯನ್ನು ಮೇಲಿನ ಡ್ರಾಯರಿನ ಬಳ್ಳಿಗೆ ಸರಿಯಾಗಿ ಕೂಡಿಸಿದರೆ, ಬಲಗಡೆಯದು 4 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. 4 ಮಿ.ಮೀ. ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಆ ಬಳ್ಳಿಯ ಕಾಂಡ ಇರುವುದೇ 3 ಮಿ.ಮೀ. ದಪ್ಪ. ಮೇಲಿನ ಕಾಂಡ ಒಂದು ಕಡೆ ನಿಂತುಹೋಗಿ, ಕೆಳಗಿನದು ಪಕ್ಕದಲ್ಲಿ ಬೇರೆಯಾಗಿ ಶುರುವಾಗುತ್ತದೆ. ದೂರದಿಂದ ನೋಡಿದರೂ ಕಣ್ಣು ಅಲ್ಲಿಗೇ ಹೋಗುತ್ತದೆ.

ಆಗ ರೋಲಿನ ಒಳಗಿನ ರಟ್ಟಿನ ಕೊಳವೆ ನೋಡಿದೆ. ಬ್ಯಾಚ್ ನಂಬರ್ ಇರುವುದು ಅದರ ಒಳಮೈಯಲ್ಲಿ. ಎರಡರದೂ ಬೇರೆ ಬೇರೆ. ಹೊರಗಿನ ಲೇಬಲ್ಲಿನಲ್ಲಿ ಡಿಸೈನಿನ ನಂಬರ್ ಮಾತ್ರ ಇದೆ, ಅದು ಎರಡರಲ್ಲೂ ಒಂದೇ. ಬ್ಯಾಚಿನಿಂದ ಬ್ಯಾಚಿಗೆ ಬಣ್ಣ ಸ್ವಲ್ಪ ಹೆಚ್ಚುಕಮ್ಮಿ ಆಗುವುದು ನನಗೂ ಗೊತ್ತು. ಆದ್ದರಿಂದಲೇ ಆರ್ಡರ್ ಮಾಡುವಾಗ, ಎರಡೂ ಒಂದೇ ಬ್ಯಾಚಿನದು ಕಳಿಸಿ ಅಂತ ಬರೆದಿದ್ದೆ. ನಿಮ್ಮವರು ಸರಿ ಅಂತ ಉತ್ತರವನ್ನೂ ಕೊಟ್ಟಿದ್ದರು. ಆ ಸಂದೇಶದ ಪ್ರತಿ ಈ ಪತ್ರದ ಜೊತೆ ಇದೆ.

ಇಷ್ಟೇ ಆಗಿದ್ದರೆ ರೋಲ್ ಬದಲಿಸಿ ಕೊಡಿ ಅಂತ ಎರಡು ಸಾಲು ಬರೆದು ಸುಮ್ಮನಾಗುತ್ತಿದ್ದೆ. ನನಗೆ ನಿಜವಾಗಿ ನೋವಾಗಿರುವುದು ಆಮೇಲೆ ಆದದ್ದಕ್ಕೆ.

ಫೋನ್ ಮಾಡಿದಾಗ ನಿಮ್ಮ ಸಿಬ್ಬಂದಿ, ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ ಸ್ವಲ್ಪ ಎಳೆದು ಅಂಟಿಸಿ, ಬಳ್ಳಿ ಸರಿಹೋಗುತ್ತದೆ ಅಂದರು. ಅದು ಕಂಪನಿಯ ಮಾತು ಅಂತ ನಂಬಿದೆ. ಹಾಗೇ ಮಾಡಿದೆ. ಆ ಕ್ಷಣಕ್ಕೆ ಬಳ್ಳಿ ಕೂಡಿತು ಕೂಡ. ಆದರೆ ಕಾಗದ ಅಂತ ಹೆಸರಿದ್ದರೂ ಇದು ಪಿವಿಸಿ ಹಾಳೆ ಅಲ್ವಾ? ಬಿಸಿಗೆ ಹಿಗ್ಗಿದ್ದು ಮತ್ತೆ ತನ್ನ ಅಳತೆಗೆ ಹೋಗಲು ನೋಡುತ್ತದೆ. ಮೂರನೇ ದಿನಕ್ಕೆ ಬಲಗಡೆಯ ಅಂಚು ಹಿಂದಕ್ಕೆ ಸರಿದು ಮರ ಕಾಣತೊಡಗಿತು. ಬಣ್ಣದ ವ್ಯತ್ಯಾಸವಂತೂ ಇದ್ದಲ್ಲೇ ಇತ್ತು.

ಮತ್ತೆ ಫೋನ್ ಮಾಡಿದೆ. ಈ ಸಲ ಬೇರೆ ಯಾರೋ ಮಾತಾಡಿದರು. ಬಿಡಿಸಿಬಿಡಿ, ಹೊಸ ತುಂಡು ಕಳಿಸುತ್ತೇವೆ, ಚೆನ್ನಾಗಿ ಬಿಸಿ ಮಾಡಿ ಎಳೆದರೆ ಗುರುತೂ ಉಳಿಯದೆ ಬರುತ್ತದೆ ಅಂದರು. ಅಂಟಿಸಿ ಎಂಟು ದಿನ ಆಗಿದೆ ಅಂತ ಹೇಳಿದೆ. ಪರವಾಗಿಲ್ಲ ಅಂದರು. ಹಳೆ ಪೀಠೋಪಕರಣ, ಮೇಲೆ ವೆನೀರ್ (ಹಲಗೆಗೆ ಅಂಟಿಸಿದ ತೆಳ್ಳನೆಯ ಮರದ ಪದರ) ಇದೆ ಅಂತಲೂ ಹೇಳಿದೆ. ಅದಕ್ಕೂ ಪರವಾಗಿಲ್ಲ ಅಂದರು. ಲೇಬಲ್ಲಿನ ಮೇಲೂ ಅದೇ ಮಾತಿದೆ: ಎಲ್ಲಾ ಮರಕ್ಕೂ ಸೂಕ್ತ, ಬೇಕೆಂದಾಗ ಗುರುತಿಲ್ಲದೆ ತೆಗೆಯಬಹುದು.

ಮೂಲೆಯಿಂದ ಬಿಸಿ ಕೊಡುತ್ತಾ, ಹಾಳೆಯನ್ನು ಮರಕ್ಕೆ ಹತ್ತಿರವಾಗಿಯೇ ಮಡಚಿ ಹಿಡಿದು, ನಿಧಾನಕ್ಕೆ ಎಳೆದೆ. ಒಂದು ಗೇಣು ಬಂತು. ಆಮೇಲೆ ಚಿರ್ ಅಂತ ಸಣ್ಣ ಸದ್ದು. ತಿರುಗಿಸಿ ನೋಡಿದರೆ ಕಾಗದದ ಅಂಟಿನ ಮೇಲೆ ಮರದ ಪದರವೇ ಕೂತಿದೆ, ನನ್ನ ಅಂಗೈಯಷ್ಟು ಅಗಲ. ತೆಳ್ಳಗೆ, ನಾರುನಾರಾಗಿ, ಗೆರೆಗಳ ಸಮೇತ. ಡ್ರಾಯರಿನಲ್ಲಿ ಅಷ್ಟಗಲ ಬೋಳು ಹಲಗೆ, ಅದರ ಮೇಲೆ ಹಳೆ ಅಂಟಿನ ಕಂದು ಕಲೆ. ಡ್ರೈಯರ್ ಆಫ್ ಮಾಡಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಗೊತ್ತಿರುವ ಬಡಗಿಯೊಬ್ಬರನ್ನು ಕರೆದು ತೋರಿಸಿದೆ. ಅವರು ಅದನ್ನು ಬೆರಳಿನಲ್ಲಿ ಮುಟ್ಟಿ ನೋಡಿ ಹೇಳಿದ್ದು ಇಷ್ಟು. ಹಳೆ ಕಾಲದ ಎಷ್ಟೋ ಪೀಠೋಪಕರಣಗಳಲ್ಲಿ ವೆನೀರನ್ನು ಕೂರಿಸುತ್ತಿದ್ದದ್ದು ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ಮಾಡಿದ ಸರೇಸು ಅನ್ನುವ ಅಂಟಿನಲ್ಲಿ. ಸರೇಸಿಗೆ ಬಿಸಿ ತಾಗಿದರೆ ಅದು ಮೆತ್ತಗಾಗುತ್ತದೆ. ವೆನೀರ್ ಬದಲಿಸುವಾಗ ಬಡಗಿಗಳು ಬೇಕೆಂದೇ ಬಿಸಿ ಕೊಟ್ಟು ಎಬ್ಬಿಸುವುದುಂಟು. ನಿಮ್ಮ ಅಂಟು ಹೊಸದು, ಒತ್ತಿದಷ್ಟೂ ಹಿಡಿಯುವ ಜಾತಿಯದು, ದಿನ ಕಳೆದ ಹಾಗೆ ಹಿಡಿತ ಜಾಸ್ತಿಯಾಗುತ್ತದೆ. ಎಂಟು ದಿನದ ನಂತರ ಬಿಸಿ ಮಾಡಿ ಎಳೆದಾಗ ಮೇಲಿನ ಅಂಟಿಗಿಂತ ಕೆಳಗಿನ ಸರೇಸೇ ಮೊದಲು ಬಿಟ್ಟಿತು. ಅಂದರೆ ನಿಮ್ಮವರು ಕೊಟ್ಟ ಸಲಹೆಯನ್ನು ನಾನು ಸರಿಯಾಗಿ ಪಾಲಿಸಿದ್ದರಿಂದಲೇ ಡ್ರಾಯರ್ ಹಾಳಾಯಿತು.

ಈ ಥರದ ಡಿಸೈನ್ ಕಾಗದವನ್ನು ಜನ ಹೆಚ್ಚಾಗಿ ಕೊಳ್ಳುವುದು ಹಳೆ ವಸ್ತುವಿಗೆ ಹೊಸ ಮುಖ ಕೊಡಲು. ನಿಮ್ಮ ಲೇಬಲ್ಲಿನ ಚಿತ್ರದಲ್ಲೂ ಇರುವುದು ಹಳೆ ಕಪಾಟೇ. ಹೀಗಿರುವಾಗ ಹಳೆ ವೆನೀರಿನ ಬಗ್ಗೆ ಒಂದು ಸಾಲು ಎಚ್ಚರಿಕೆ ಬರೆಯದೆ ಇರುವುದು ಸಣ್ಣ ತಪ್ಪಲ್ಲ. ಹೊಸ ಬೀರುವಾದರೆ ಅಂಗಡಿಗೆ ಹೋಗಿ ಇನ್ನೊಂದು ತರಬಹುದು. ಇಂಥದ್ದು ಒಂದೇ ಇರುತ್ತದೆ. ಪೆನ್ಸಿಲಿನಲ್ಲಿ 4 ಅಂತ ಬರೆದ ಆ ಡ್ರಾಯರಿಗೆ ಜೊತೆ ಎಲ್ಲಿಂದ ತರಲಿ?

ನನಗೆ ಬೇಕಾಗಿರುವುದು ಇಷ್ಟು. ಎರಡೂ ರೋಲಿನ ಹಣ ಮರಳಿಸಬೇಕು. ಎರಡನೆಯದರದು ಮಾತ್ರ ಕೊಡುತ್ತೇವೆ ಅಂದರೆ ನಾನು ಒಪ್ಪುವುದಿಲ್ಲ. ಯಾಕೆಂದರೆ ಜೊತೆ ಇಲ್ಲದ ಮೊದಲನೆಯದರಿಂದಲೂ ನನ್ನ ಕೆಲಸ ಪೂರ್ತಿಯಾಗುವುದಿಲ್ಲ. ಕಿತ್ತುಬಂದ ಜಾಗಕ್ಕೆ ವೆನೀರ್ ತೇಪೆ ಹಾಕಿಸುವ ಖರ್ಚನ್ನು ಕಂಪನಿ ಕೊಡಬೇಕು, ಬಡಗಿ ಬರೆದುಕೊಟ್ಟ ಅಂದಾಜು ಪಟ್ಟಿ ಜೊತೆಗಿದೆ. ಅಥವಾ ಮೊದಲ ರೋಲಿನ ಬ್ಯಾಚಿನದೇ ಒಂದು ಮೀಟರ್ ನಿಮ್ಮ ಗೋದಾಮಿನಲ್ಲಿ ಸಿಗುವ ಹಾಗಿದ್ದರೆ ಅದನ್ನು ಹುಡುಕಿ ಕಳಿಸಿ. ಆಗ ರೋಲುಗಳ ಹಣ ಕೇಳುವುದಿಲ್ಲ, ರಿಪೇರಿಯ ಖರ್ಚು ಮಾತ್ರ ಕೊಡಿ. ನಿಜ ಹೇಳಬೇಕೆಂದರೆ ನನಗೆ ಹಣಕ್ಕಿಂತ ಆ ಒಂದು ಮೀಟರ್ ಸಿಕ್ಕರೇ ಖುಷಿ.

ಇನ್ನು ಎರಡು ವಿಷಯ ನನಗಾಗಿ ಅಲ್ಲ, ಮುಂದೆ ಕೊಳ್ಳುವವರಿಗಾಗಿ. ಬ್ಯಾಚ್ ನಂಬರನ್ನು ಹೊರಗಿನ ಲೇಬಲ್ಲಿನಲ್ಲಿ, ಡಿಸೈನ್ ನಂಬರಿನ ಪಕ್ಕದಲ್ಲೇ ಹಾಕಿ. ಸುತ್ತಿದ ಪ್ಲಾಸ್ಟಿಕ್ ಹರಿಯದೆ ಓದಲು ಸಿಗಬೇಕು. ಮತ್ತೆ, ಎಲ್ಲಾ ಮರಕ್ಕೂ ಸೂಕ್ತ ಅನ್ನುವ ಮಾತನ್ನು ತೆಗೆದುಹಾಕಿ. ಹಳೆ ವೆನೀರ್ ಇದ್ದರೆ ಬಿಸಿ ಮಾಡಬೇಡಿ, ಮೊದಲು ಕಾಣದ ಮೂಲೆಯಲ್ಲಿ ಸಣ್ಣ ತುಂಡು ಅಂಟಿಸಿ, ನಾಲ್ಕು ದಿನ ಬಿಟ್ಟು ತೆಗೆದು ನೋಡಿ ಅಂತ ಬರೆಯಿರಿ. ಫೋನಿನಲ್ಲಿ ಮಾತಾಡುವವರಿಗೂ ಇದನ್ನು ತಿಳಿಸಿ. ಅವರ ಮೇಲೆ ನನಗೆ ಸಿಟ್ಟಿಲ್ಲ, ಇಬ್ಬರೂ ಸಮಾಧಾನವಾಗಿಯೇ ಮಾತಾಡಿದರು. ಅವರಿಗೆ ಕೊಟ್ಟ ಮಾಹಿತಿಯೇ ತಪ್ಪು.

ಎರಡೂ ರೋಲಿನ ಉಳಿದ ಭಾಗ, ಬ್ಯಾಚ್ ನಂಬರ್ ಇರುವ ಕೊಳವೆಗಳು, ವೆನೀರ್ ಅಂಟಿಕೊಂಡಿರುವ ಆ ತುಂಡು, ಎಲ್ಲವನ್ನೂ ತೆಗೆದಿಟ್ಟಿದ್ದೇನೆ. ಸ್ಕೇಲ್ ಇಟ್ಟು ತೆಗೆದ ಫೋಟೋಗಳು ಜೊತೆಗಿವೆ. ನಿಮ್ಮವರು ಬಂದು ನೋಡುವುದಾದರೆ ಮುಂಚೆ ತಿಳಿಸಿ, ನಾನು ಮನೆಯಲ್ಲಿರುತ್ತೇನೆ. 15 ದಿನ ಕಾಯುತ್ತೇನೆ. ಅಷ್ಟರಲ್ಲಿ ಸರಿಯಾದ ಉತ್ತರ ಬರದಿದ್ದರೆ ಗ್ರಾಹಕರ ಹಕ್ಕಿನ ಕಾನೂನಿನಂತೆ ಮುಂದುವರಿಯಬೇಕಾಗುತ್ತದೆ.

ನಾಲ್ಕನೇ ಡ್ರಾಯರನ್ನು ಸದ್ಯಕ್ಕೆ ಹಾಗೇ ಅದರ ಜಾಗದಲ್ಲಿ ಕೂರಿಸಿದ್ದೇನೆ. ಬಳ್ಳಿ ಮೂರನೆಯದರ ಕೆಳಗಿನ ಅಂಚಿಗೆ ಬಂದು ನಿಂತಿದೆ.

ಇಂತಿ,
ನಿಮ್ಮ ಗ್ರಾಹಕಿ

ಜೊತೆಗೆ: ಬಿಲ್ಲಿನ ಪ್ರತಿ, ಆರ್ಡರ್ ಸಂದೇಶದ ಪ್ರತಿ, ಫೋಟೋಗಳು, ಬಡಗಿಯ ಅಂದಾಜು ಪಟ್ಟಿ