ಹೊಗೆಯಲ್ಲಿ ದುಡಿದವರ ದಮ್ಮು: ದಯವಿಟ್ಟು ಪೂರ್ತಿ ಓದಿ

ಗುಂಪಿನ ಎಲ್ಲರಿಗೂ ನಮಸ್ಕಾರ. ಚಳಿ ಶುರುವಾದ ಮೇಲೆ ನಮ್ಮ ಓಣಿಯಲ್ಲಿ ಕೆಮ್ಮು, ದಮ್ಮು ಅನ್ನೋರು ಜಾಸ್ತಿಯಾಗಿದ್ದಾರೆ. ಮಂಡಕ್ಕಿ ಭಟ್ಟಿಯಲ್ಲಿ ವರ್ಷಗಟ್ಟಲೆ ದುಡಿದವರು, ಸೌದೆ ಒಲೆ ಊದಿದ ಅವ್ವಂದಿರು ಇದನ್ನು ‘ವಯಸ್ಸಾಯ್ತು ಬಿಡು’ ಅಂತ ತಳ್ಳಿಹಾಕಬೇಡಿ. ಬೀಡಿ ಮುಟ್ಟದವರಿಗೂ ಹೊಗೆಯಿಂದ ಸಿಓಪಿಡಿ, ಅಂದರೆ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಬರುತ್ತದೆ.

ಈ ಕಾಯಿಲೆಯಲ್ಲಿ ಹೆಚ್ಚು ಕಷ್ಟ ಉಸಿರು ಎಳೆಯುವುದಲ್ಲ, ಬಿಡುವುದು. ಶ್ವಾಸನಾಳಗಳು ಬಾತು, ಕಫ ಕಟ್ಟಿ ಕಿರಿದಾಗುತ್ತವೆ. ಶ್ವಾಸಕೋಶದೊಳಗಿನ ಸಣ್ಣ ಗಾಳಿಚೀಲಗಳ ಗೋಡೆ ಹಾಳಾಗಿ ಬಿಗಿ ಕಳೆದುಕೊಳ್ಳುತ್ತದೆ. ಹಳೇ ಗಾಳಿ ಒಳಗೇ ಉಳಿದರೆ ಹೊಸದಕ್ಕೆ ಜಾಗ ಎಲ್ಲಿ? ಅದಕ್ಕೇ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು. ಆಗ ಮೂಗಿನಿಂದ ಉಸಿರು ತಗೊಂಡು, ಸೀಟಿ ಊದುವ ಹಾಗೆ ತುಟಿ ಮಾಡಿ ನಿಧಾನಕ್ಕೆ ಬಿಡಿ. ಸಿಕ್ಕಿಕೊಂಡ ಗಾಳಿ ಹೊರಬರಲು ಇದು ನಿಜಕ್ಕೂ ಸಹಾಯ ಮಾಡುತ್ತದೆ.

ಬರೀ ಎಕ್ಸ್‌ರೇ ನೋಡಿ ಇದನ್ನು ಖಚಿತ ಮಾಡಲಾಗದು, ಸ್ಪೈರೋಮೆಟ್ರಿ ಬೇಕು. ಜೋರಾಗಿ ಊದಿಸಿ ಅಳೆಯುವ ಪರೀಕ್ಷೆ, ನೋವಿಲ್ಲ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಕೊಟ್ಟು ಟಿಬಿ ಪರೀಕ್ಷೆ ಮಾಡಿಸಿ, ಅದು ಉಚಿತ.

ಇನ್ಹೇಲರ್ ಚಟವಾಗುತ್ತದೆ ಅನ್ನೋ ಮಾತು ಸುಳ್ಳು. ಮದ್ದು ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಸ್ವಲ್ಪವೇ ಸಾಕು. ಸ್ವಲ್ಪ ಹಗುರಾಯ್ತು ಅಂತ ನಿಲ್ಲಿಸಬೇಡಿ.

ಮನೆಯಲ್ಲಿ ಆಕ್ಸಿಜನ್ ಇಟ್ಟುಕೊಂಡವರಿಗೆ ಒತ್ತಿ ಹೇಳುತ್ತೇನೆ: ನೀವೇ ತಿರುಗಿಸಿ ಹೆಚ್ಚು ಮಾಡಬೇಡಿ. ಸಿಓಪಿಡಿ ತೀವ್ರವಾದವರಿಗೆ ರಕ್ತದ ಆಕ್ಸಿಜನ್ ಮಟ್ಟ ಸಾಮಾನ್ಯವಾಗಿ ಶೇ. 88ರಿಂದ 92 ಇರಬೇಕು ಅನ್ನೋದೇ ಗುರಿ. ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ತುಟಿ ನೀಲಿಯಾದರೆ, ಮಾತು ತುಂಡಾದರೆ ತಕ್ಷಣ 108ಕ್ಕೆ ಫೋನ್ ಮಾಡಿ.

ಆಸ್ಪತ್ರೆಗೆ ಜೊತೆಗೆ ಯಾರಾದರೂ ಬೇಕು ಅನ್ನೋರು ಇಲ್ಲೇ ಬರೆಯಿರಿ.