ಸಿಂಹಗಳ ತನಕ ಹೋಗಿ

ರಾಯಚೂರು

ಚಿ. ಅಕ್ಕಮ್ಮನಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ಮನೆಯ ಸಮಾಚಾರವನ್ನೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿರುತ್ತಾನೆ, ಬಿಡು. ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಓದಲು ಸೇರುವುದನ್ನು ವಿಚಾರಿಸಲೆಂದು ಹೈದರಾಬಾದಿನ ಕೋಠಿಗೆ ಹೋಗಿ, ಹೆಣ್ಣುಮಕ್ಕಳು ಓದುವ ಆ ಹಳೆಯ ಬಂಗಲೆಯ ಸಿಂಹಗಳ ತನಕ ನಡೆದು, ಮೆಟ್ಟಿಲು ಹತ್ತದೆ ತಿರುಗಿ ಬಂದೆ ಎಂದು ಬರೆದಿದ್ದೀಯ. "ಅಲ್ಲಿ ನನ್ನ ಬಾಯಿಂದ ಮಾತೇ ಹೊರಡಲಿಕ್ಕಿಲ್ಲ ಅನ್ನಿಸಿತು ಅತ್ತೆ." ರೊಟ್ಟಿ ಬಡಿಯುವಾಗಲೂ ಇದೇ ಸಾಲು ಕಿವಿಯಲ್ಲಿ ಕೂತಿದೆ.

ಆ ಸಿಂಹಗಳು ನನಗೂ ಗೊತ್ತು. 1974ರಲ್ಲಿ ಅಲ್ಲಿ ಓದಲು ಸೇರಿಸಲೆಂದು ಅಪ್ಪ ನನ್ನನ್ನು ಕರೆದುಕೊಂಡು ಹೋಗಿದ್ದರು. ಗೌಲಿಗುಡದ ಬಸ್ ನಿಲ್ದಾಣದಲ್ಲಿ ಇಳಿದು ನಡೆದೇ ಹೋದೆವು. ತಗಡಿನ ಆ ದೊಡ್ಡ ಕಮಾನು 2018ರಲ್ಲಿ ಕುಸಿದು ಬಿತ್ತಂತೆ. ಪತ್ರಿಕೆಯಲ್ಲಿ ಚಿತ್ರ ನೋಡಿ ಯಾಕೋ ಅಂದು ನನಗೆ ಊಟ ಸೇರಲಿಲ್ಲ. ನಾನು ಮೆಟ್ಟಿಲು ಹತ್ತಿದೆ. ಒಳಗೆ ಒಬ್ಬ ಅಮ್ಮನವರು ಇಂಗ್ಲಿಷಿನಲ್ಲಿ ಹೆಸರು ಕೇಳಿದರು, ನಗುತ್ತಲೇ ಕೇಳಿದರು. ನಮ್ಮ ರಾಯಚೂರಿನ ತೀನ್ ಕಂದೀಲ್ ಬಜಾರಿನಲ್ಲಿ ಉರ್ದುವಿನಲ್ಲಿ ಜಗಳವಾಡಿ ಬಳೆಯ ಬೆಲೆ ಇಳಿಸುತ್ತಿದ್ದ ಹುಡುಗಿಗೆ ತನ್ನ ಹೆಸರು ಹೇಳಲು ಬಾಯಿ ಬರಲಿಲ್ಲ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲೇ ಓದಿದ್ದ ಅಪ್ಪ ನನ್ನ ಪರವಾಗಿ ಎಲ್ಲ ಹೇಳಿದರು. ಆದ್ದರಿಂದ ಮಾತು ಹೊರಡುತ್ತದೆ ಎಂದು ನಿನಗೆ ನಾನು ಸುಳ್ಳು ಭರವಸೆ ಕೊಡಲಾರೆ. ಮೊದಲ ದಿನ ಹೊರಡದೆಯೂ ಇರಬಹುದು.

ಆಮೇಲೆ ನನಗೆ ಆ ಬಂಗಲೆಯದೇ ಒಂದು ಹುಚ್ಚು. ಸಿಕ್ಕಿದ್ದನ್ನೆಲ್ಲ ಓದಿದೆ. ಅದು ಬ್ರಿಟಿಷ್ ರೆಸಿಡೆಂಟ್, ಅಂದರೆ ನಿಜಾಮನ ಬಳಿ ಬ್ರಿಟಿಷರ ಪ್ರತಿನಿಧಿಯಾಗಿದ್ದ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ್ದು, 1803ರ ಸುಮಾರಿಗೆ ಕೆಲಸ ಶುರುವಾಯಿತು. ಅಷ್ಟು ಆಸೆಪಟ್ಟವನು 1805ರಲ್ಲಿ ಕಲಕತ್ತೆಯಲ್ಲಿ ತೀರಿಕೊಂಡ. ಹಣ ನಿಜಾಮನದು. ಆಗ ರಾಯಚೂರೂ ನಿಜಾಮನದೇ. ನಮ್ಮ ಎರೆಹೊಲದ ಕಂದಾಯವೂ ಆ ಮೆಟ್ಟಿಲುಗಳಲ್ಲಿ ಒಂದಿಷ್ಟು ಸೇರಿರಬೇಕು ಎಂದು ನಾನು ಲೆಕ್ಕ ಹಾಕಿಕೊಂಡಿದ್ದೇನೆ. ನಗಬೇಡ. ಅವನ ಹೆಂಡತಿ ಖೈರುನ್ನೀಸಾ ಗೋಷೆಯಲ್ಲಿದ್ದವಳು, ಮುಂಭಾಗಕ್ಕೆ ಬಂದು ಬಂಗಲೆಯನ್ನು ನೋಡುವ ಹಾಗಿರಲಿಲ್ಲ. ಅವಳು ನೋಡಲೆಂದೇ ಹಿಂದಿನ ತೋಟದಲ್ಲಿ ಅದರ ಪುಟ್ಟ ಮಾದರಿಯೊಂದನ್ನು ಕಟ್ಟಿಸಿದನೆಂದು ಹೇಳುತ್ತಾರೆ. ಅದು ಈಗಲೂ ಇದೆ. ಅಂದು ನಾನು ಅತ್ತ ಹೋಗಲಿಲ್ಲ, ನೀನು ನೋಡು. ಅವಳಿಗೆ ಯಾರೂ ದಾರಿ ಬಿಡಲಿಲ್ಲ. ನಿನ್ನನ್ನು ಯಾರು ತಡೆದರು ಅಕ್ಕಮ್ಮ? ಎರಡು ಕಲ್ಲಿನ ಸಿಂಹಗಳೇ?

1949ರಿಂದ ಅಲ್ಲಿ ಹೆಣ್ಣುಮಕ್ಕಳೇ ಓದುತ್ತಿದ್ದಾರೆ. ಈಗ ಅದು ಚಾಕಲಿ ಐಲಮ್ಮನ ಹೆಸರಿನ ವಿಶ್ವವಿದ್ಯಾಲಯ. ತೆಲಂಗಾಣದಲ್ಲಿ ತನ್ನ ಹೊಲದ ಬೆಳೆಗಾಗಿ ಜಮೀನ್ದಾರ ದೇಶಮುಖನ ಎದುರು ನಿಂತ ಅಗಸರ ಹೆಣ್ಣುಮಗಳು ಅವಳು. ಅವಳ ಹೆಸರು ಗೇಟಿನ ಮೇಲಿರುವಾಗ ನಿನ್ನ ಬಾಯಿ ಯಾಕೆ ಕಟ್ಟಬೇಕೋ ನನಗೆ ತಿಳಿಯದು. ಹಾಗೆ ಹೇಳಲು ನನಗೇನು ಅಧಿಕಾರ, ಅದೂ ನಿಜ.

ಕೇಳಬೇಕಾದದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗು. ಮಾತು ನಿಂತರೆ ಚೀಟಿಯನ್ನೇ ಮುಂದೆ ಹಿಡಿ. ಇದು ದೊಡ್ಡ ಉಪಾಯವೇನಲ್ಲ, ನನಗೆ ತೋಚಿದ್ದು ಇಷ್ಟೇ. ಅಂಕಪಟ್ಟಿಯ ಜೆರಾಕ್ಸ್ ಎರಡು ಹೆಚ್ಚೇ ಇರಲಿ. ಗೆಳತಿಯನ್ನು ಗೇಟಿನಲ್ಲೇ ಬಿಡು, ಜೊತೆಯಲ್ಲಿದ್ದರೆ ಅವಳೇ ನಿನ್ನ ಪರವಾಗಿ ಮಾತಾಡಿಬಿಡುತ್ತಾಳೆ.

ಇನ್ನೊಂದು ಮಾತು. ನಿನ್ನ ಅಜ್ಜ ನನ್ನನ್ನು ಮುಂದೆ ಓದಿಸಲಿಲ್ಲ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ಅಂದು ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಪ್ಪ ಮೂರು ಸಲ ಕೇಳಿದರು, "ಯಾಕವ್ವಾ, ಬೇಡವೇನು?" ಅಲ್ಲಿಯ ಊಟ ಹಿಡಿಸುವುದಿಲ್ಲ ಎಂದೆ. ಆ ಊರಿನ ಒಂದು ತುತ್ತನ್ನೂ ನಾನು ಉಂಡಿರಲಿಲ್ಲ. ಆಮೇಲೆ ಜನ ಅಪ್ಪನನ್ನು ಬೈದಾಗ ಸುಮ್ಮನಿದ್ದೆ. ಅವರೂ ಸುಮ್ಮನಿದ್ದರು.

ಇದನ್ನು ನಿಮ್ಮಪ್ಪನಿಗೂ ಓದಿ ಹೇಳು. ನನ್ನ ಸಲುವಾಗಿ ಅವನು ಅಪ್ಪನ ಮೇಲೆ ಸಿಟ್ಟಿಟ್ಟುಕೊಂಡೇ ಬೆಳೆದ.

ಇಂತಿ,
ನಿನ್ನ ಸೋದರತ್ತೆ