ತರಗು ಬೆಂಕಿ: ಮಗಳಿಗೊಂದು ಪತ್ರ

ಬೆಂಗಳೂರು

ಪುಟ್ಟಿ,

ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟವಳು, ಅಲ್ಲಿನ ಬುಡಕಟ್ಟಿನವರಾದ ಸೋಲಿಗರೇ ಕಾಡಿಗೆ ಬೆಂಕಿ ಇಡುತ್ತಿದ್ದರಂತೆ, ನಿಜವಾ ಅಂತ ಕೇಳಿದ್ದೀಯ. ನಿಜ ಕಣೆ. ಅವರು ಅದನ್ನು ತರಗು ಬೆಂಕಿ ಅಂತಾರೆ. ಸುಡುತ್ತಿದ್ದದ್ದು ಮರವನ್ನಲ್ಲ, ನೆಲದ ತರಗೆಲೆ, ಒಣಹುಲ್ಲನ್ನು.

ನಮ್ಮ ಬೀದಿ ಮೂಲೆಯಲ್ಲಿ ಒಣ ಎಲೆ ಗುಡ್ಡೆ ಹಾಕಿ ಕಡ್ಡಿ ಗೀರುತ್ತಾರಲ್ಲ, ಅದರ ಹಾಗಲ್ಲ. ಗುಡ್ಡೆಯೊಳಗೆ ಗಾಳಿಯಾಡದೆ ಗಂಟೆಗಟ್ಟಲೆ ಹೊಗೆಯಾಡುತ್ತೆ, ಅಡಿಯ ಮಣ್ಣೂ ಬೇಯುತ್ತೆ. ತೆಳ್ಳಗೆ ಹರಡಿದ ತರಗಿನಲ್ಲಿ ಉರಿ ನಿಲ್ಲದೆ ಸರಿಯುತ್ತೆ. ದಪ್ಪ ತೊಗಟೆಯ ಒಳಗೆ ಬಿಸಿ ಇಳಿಯುವಷ್ಟರಲ್ಲಿ ಮುಂದೆ ಹೋಗಿರುತ್ತೆ. ಎಲ್ಲವೂ ಕಾಲದ ಲೆಕ್ಕ. ಜನವರಿ ಆಸುಪಾಸಿನಲ್ಲಿ ಹುಲ್ಲಿನ ಬುಡ ಇನ್ನೂ ಹಸಿ, ರಾತ್ರಿ ಇಬ್ಬನಿಗೆ ಉರಿ ಕುಗ್ಗುತ್ತೆ. ಮಾರ್ಚ್ ಬಂದರೆ ಅದೇ ಬೆಂಕಿ ಕೈಮೀರುತ್ತೆ. ಸುಟ್ಟ ಜಾಗದಲ್ಲಿ ಎಳೆಹುಲ್ಲು ಚಿಗುರಿ ಜಿಂಕೆ, ಕಾಟಿಗೆ ಮೇವು. ನೆಲ್ಲಿ ಮರಕ್ಕೆ ಅಂಟಿ ಅದರ ರಸ ಹೀರುವ ಉಪ್ಪಿಲು ಎಂಬ ಬದನಿಕೆಯೂ ಹತೋಟಿಯಲ್ಲಿರುತ್ತಿತ್ತು ಅನ್ನುತ್ತಾರೆ ಸೋಲಿಗರು.

1974ರಲ್ಲಿ ಆ ಬೆಟ್ಟ ಅಭಯಾರಣ್ಯ ಆಯಿತು, ಬೆಂಕಿ ನಿಂತಿತು. ಹೊರಗಿನಿಂದ ಬಂದ ಮುಳ್ಳುಪೊದೆ ಲಂಟಾನ ಹಬ್ಬಿತು, ಅದಕ್ಕೆ ಬೆಂಕಿ ನಿಂತದ್ದೇ ಕಾರಣ ಅನ್ನೋದು ಸೋಲಿಗರ ವಾದ. 2011ರಲ್ಲಿ ಅವರಿಗೆ ಸಮುದಾಯ ಅರಣ್ಯ ಹಕ್ಕು, ಅಂದರೆ ಕಾಡನ್ನು ಒಟ್ಟಾಗಿ ಬಳಸುವ, ಕಾಯುವ ಹಕ್ಕು ಸಿಕ್ಕಿತು, ಆದರೂ ತರಗು ಬೆಂಕಿ ಮರಳಲಿಲ್ಲ. ಅರಣ್ಯ ಇಲಾಖೆಯೇ ಬೇಸಿಗೆಗೆ ಮೊದಲು ಬೆಂಕಿರೇಖೆ, ಅಂದರೆ ಕಾಳ್ಗಿಚ್ಚು ದಾಟದ ಹಾಗೆ ನೆಲದ ಪಟ್ಟಿ, ಸುಡುತ್ತೆ, ಆದರೆ ಸೋಲಿಗರು ಸುಟ್ಟರೆ ಅಪರಾಧ! ಇದು ನನಗೆ ಒಪ್ಪಿಗೆಯಿಲ್ಲ.

ಹಾಗಂತ ನಾಳೆಯೇ ಕಡ್ಡಿ ಗೀರಿದರೆ ಕಾಡು ಉಳಿಯುತ್ತೆ ಅಂದುಕೋಬೇಡ. ಆಳೆತ್ತರದ ಲಂಟಾನ ಈಗ ಉರಿಗೆ ಏಣಿ. ತರಗಿನಿಂದ ನೇರ ಮರದ ನೆತ್ತಿಗೆ ಹತ್ತಿಸುತ್ತೆ. ಸುಟ್ಟರೂ ಅದು ಬುಡದಿಂದ ಚಿಗುರುತ್ತೆ. ಮೊದಲು ಕೀಳಬೇಕು. ಬರೀ ಕೊಂಬೆ ಕಡಿದರೆ ಇನ್ನೂ ದಟ್ಟವಾಗಿ ಬರುತ್ತೆ. ಗುದ್ದಲಿಯಲ್ಲಿ ಬುಡದ ಮಣ್ಣು ಸರಿಸಿ, ನೆಲಮಟ್ಟದಿಂದ 3-5 ಸೆಂಟಿಮೀಟರ್ ಕೆಳಗೆ ತಾಯಿಬೇರು ಕತ್ತರಿಸಿ, ಪೊದೆಯನ್ನು ತಲೆಕೆಳಗು ಮಾಡಿ ಬಿಡಬೇಕು, ಬೇರು ಆಕಾಶ ನೋಡುವ ಹಾಗೆ. ಮಣ್ಣಿಗೆ ತಾಗಿದರೆ ಮತ್ತೆ ಬೇರೂರುತ್ತೆ. ಹಣ್ಣಾಗುವ ಮೊದಲೇ ಮಾಡಿ. ಮುಂದಿನ ಮಳೆಗಾಲ ಹಕ್ಕಿ ಕೂರುವ ಮರಗಳ ಕೆಳಗೆ ಹುಡುಕಿ ನೋಡು, ಹಿಕ್ಕೆಯಲ್ಲಿ ಬಿದ್ದ ಬೀಜ ಅಲ್ಲೇ ಮೊಳೆತಿರುತ್ತೆ.

ತುಂಬುತೋಳಿನ ಅಂಗಿ ಇಟ್ಟುಕೋ, ಲಂಟಾನದ ಮುಳ್ಳು ಸಣ್ಣದು, ತರಚಿದ್ದು ಸ್ನಾನ ಮಾಡುವಾಗಲೇ ಗೊತ್ತಾಗೋದು.

ಅಮ್ಮ